ಹನ್ನೊಂದು ಬಿಳಿ ಪತಂಗ

…ಆ ಚೀಲ ಮೊದಲು ಇಲ್ಲಿ ಕೊಡು, ಆಮೇಲೆ ಹತ್ತು. ಮೆಟ್ಲೆಲ್ಲಾ ಪಾಚಿ, ಜಾರುತ್ತೆ… ಕೊಡಲ್ವಾ? ಸರಿಯಮ್ಮ, ನೀನೇ ಅವುಚ್ಕೊಂಡಿರು. ನಾನೇನು ಅದನ್ನ ಕದ್ಕೊಂಡು ಸಮುದ್ರಕ್ಕೆ ಹಾರ್ತೀನಾ! ಹ್ಞಾ, ಕೈ ಕೊಡು… ಹಾಗೆ… ಬಂದ್ಯಾ. ಬಾಗ್ಲು ಎಳ್ಕೋ, ಗಾಳಿ ಮೂಳೆಗೆ ಹೊಡೀತಿದೆ.

ಉಸ್ಸಪ್ಪಾ! ಎಂಬತ್ತೊಂದನೇ ವಯಸ್ಸಲ್ಲಿ ನನ್ನನ್ನ ಕೋತಿ ಥರ ಹತ್ತಿಸಿಬಿಟ್ಯಲ್ಲೇ ಹೆಸ್ಟರ್! ನಾಲ್ಕು ಕಂಬ, ಮೇಲೊಂದು ಹಲಗೆ ಗೂಡು, ಒಂದು ಬೆಂಚು, ಒಂದು ಕಿಟಕಿ. ಹುಟ್ಟಿದಾಗಿಂದ ಉಬ್ಬರಕ್ಕೆ ಮುಳುಗೋ ಈ ಮರಳು ದಾರೀಲಿ ದ್ವೀಪಕ್ಕೆ ಓಡಾಡಿದೀನಿ, ಒಂದು ದಿನಕ್ಕೂ ಇದರೊಳಗೆ ಕಾಲಿಟ್ಟೋನಲ್ಲ. ಇದು ಊರಿಗೆ ಹೊಸಬರು ಬಂದು ಕೂರೋ ಜಾಗ. ಮ್ಯಾಂಚೆಸ್ಟರಿಂದ ಬರ್ತಾರಲ್ಲ, ಐಸ್‌ಕ್ರೀಂ ನೆಕ್ಕೊಂಡು ನಿಂತಿರ್ತಾರೆ, ಉಬ್ಬರ ಬಂದು ಕಾಲು ತೊಳೆದ ಮೇಲೆ ಎಚ್ಚರ ಆಗುತ್ತೆ… ಅವರಿಗೆ ಅಂತ ಕಟ್ಟಿದ್ದು. ಇವತ್ತು ನೋಡು, ಪತಂಗ ಸಂಘದ ಅಧ್ಯಕ್ಷರು, ಸನ್ಮಾನ್ಯ ಸಿರಿಲ್ ಬ್ರಾಕ್‌ಬ್ಯಾಂಕ್ ಅವರು ವಿರಾಜಮಾನರಾಗಿದಾರೆ!

ನನ್ನ ಕಾರು ಇನ್ನೂ ಕಾಣ್ತಿದ್ಯಾ? ನೀರು ಎಲ್ಲೀವರೆಗೆ ಬಂತು? ಬಾಗಿಲ ಹಿಡಿವರೆಗಾ? ಅಯ್ಯಯ್ಯೋ… ನಗ್ತಿದೀಯಾ? ಏನೇ ನಗು ಅದರಲ್ಲಿ! ಎರಡು ವರ್ಷದಿಂದ ಶೆಡ್ಡಲ್ಲಿ ನಿಂತಿದ್ರೂ ವಾರಕ್ಕೊಂದ್ಸಲ ಒರೆಸಿ ಇಡ್ತಿದ್ದೆ. ಕಣ್ಣು ಹೋದ ಮೇಲೆ ಓಡಿಸೋಕಂತೂ ಆಗ್ಲಿಲ್ಲ. ಬೆಳಿಗ್ಗೆ ಏಳಕ್ಕೇ ಬಂದು ನೀನು "ಸಿರಿಲ್ ಅಂಕಲ್, ನನ್ನ ವ್ಯಾನಿನ ಕ್ಲಚ್ ಸರಿ ಇಲ್ಲ, ನಿಮ್ಮ ಕಾರಲ್ಲೇ ಹೋಗೋಣ, ನಾನು ಓಡಿಸ್ತೀನಿ" ಅಂದಾಗ ಎಷ್ಟು ಖುಷಿ ಆಯ್ತು ಗೊತ್ತಾ? ಕಾರಿಗೂ ಒಂದು ಸವಾರಿ ಆಯ್ತು ಅಂದ್ಕೊಂಡೆ. ಆಯ್ತು ಬಿಡು, ಸವಾರಿ.

ಬೇಡ ಬೇಡ, ಫೋನ್ ತೆಗೀಬೇಡ. ರಕ್ಷಣಾ ದೋಣಿಯವರನ್ನ ಕರೆದ್ರೆ ನಾಳೆ ಪಬ್ಬಿಗೆ ಹೋಗೋ ಹಾಗಿಲ್ಲ ನಾನು. ನಾಲ್ಕೂವರೆಗೆಲ್ಲ ನೀರು ಇಳಿಯುತ್ತೆ. ಜೀವಕ್ಕೇನೂ ತೊಂದರೆ ಇಲ್ಲ, ಕೂತಿರೋಣ. ಫ್ಲಾಸ್ಕಲ್ಲಿ ಟೀ ಇದೆ. ತಗೋ… ಬೇಡ್ವಾ? ಪುದೀನ ಮಿಠಾಯಿ? ಅದೂ ಬೇಡ್ವಾ? ಚಿಕ್ಕವಳಿದ್ದಾಗ ನನ್ನ ಕೋಟಿನ ಜೇಬಿಗೇ ಕೈ ಹಾಕಿ ಕದೀತಿದ್ದೆ. ಈಗ ಕೈಗೆ ಕೊಟ್ರೂ ಬೇಡ.

ಅದಿರ್ಲಿ, ನೀನು ಹೇಗೇ ತಪ್ಪಿದೆ? ದಾರಿ ಹನ್ನೆರಡರವರೆಗೆ ತೆರೆದಿರುತ್ತೆ ಅಂದೆ. ಹನ್ನೊಂದೂವರೆಗೆ ದ್ವೀಪ ಬಿಟ್ವಿ, ಅರ್ಧ ದಾರೀಲೇ ಚಕ್ರ ಮುಳುಗಿತು. ತಡಿ, ತಡಿ… ಗೊತ್ತಾಯ್ತು! ಒಂದು ಗಂಟೆ ಕೂಡಿಸಿದ್ಯಾ? ಹಳೇ ಉಬ್ಬರದ ಪಟ್ಟೀಲಿ ಚಳಿಗಾಲದ ಗಡಿಯಾರ ಇರ್ತಿತ್ತು, ಬೇಸಿಗೇಲಿ ಊರ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸ್ತಾರಲ್ಲ, ಆ ಗಂಟೆ ನಾವೇ ಸೇರಿಸ್ಕೋಬೇಕಿತ್ತು. ಈಗಿನ ಪಟ್ಟೀಲಿ ಅವರೇ ಸೇರಿಸಿ ಕೊಡ್ತಾರೆ. ನೀನು ಅಭ್ಯಾಸಬಲಕ್ಕೆ ಇನ್ನೊಂದ್ಸಲ ಸೇರಿಸಿದೀಯ! ಹ್ಹ ಹ್ಹ! ಹೊರಗಿನವರು ಈ ತಪ್ಪು ಮಾಡೋದೇ ಇಲ್ಲ ನೋಡು. ಕೂಡಿಸ್ಬೇಕು ಅಂತಾನೇ ಅವರಿಗೆ ಗೊತ್ತಿರಲ್ಲ. ಇದು ನಮ್ಮವರು ಮಾತ್ರ ಮಾಡೋ ತಪ್ಪು. ಸರಿ ಹೋಗ್ಲಿ, ಬೇಜಾರು ಮಾಡ್ಕೋಬೇಡ. ನಾನೇ ಪಟ್ಟಿ ಓದ್ಬೇಕಿತ್ತು. ಓದೋಕೆ ಕಣ್ಣೆಲ್ಲಿದೆ! ನಡುವಲ್ಲಿ ಮಸಿ ಮೆತ್ತಿದ ಹಾಗೆ, ಅಂಚಲ್ಲಿ ಮಾತ್ರ ಏನೋ ಒಂದಿಷ್ಟು. ನಿನ್ನ ಮುಖಾನೂ ಕಾಣಲ್ಲ. ನೀನು ನಗ್ತಿದೀಯೋ ಅಳ್ತಿದೀಯೋ, ಉಸಿರಿನ ಮೇಲೆ ಲೆಕ್ಕ ಹಾಕ್ತಿರ್ತೀನಿ.

ಆದ್ರೂ ಕಾರು ಹೋದ್ರೆ ಹೋಗ್ಲಿ ಕಣೇ. ಇವತ್ತಿನ ಬೆಳಿಗ್ಗೆಗೆ ಹತ್ತು ಕಾರು ಕೊಡಬಹುದು! ರಾತ್ರಿಯೆಲ್ಲಾ ದ್ವೀಪದ ಮರಳ ದಿಬ್ಬದಲ್ಲಿ ಉರಿದ, ಪತಂಗ ಹಿಡಿಯೋ ದೀಪದ ಪೆಟ್ಟಿಗೆ… ನೀನು ಮುಚ್ಚಳ ತೆಗೆದು ಒಳಗೆ ಹುಳ ಅಡಗಿ ಕೂರೋ ಮೊಟ್ಟೆ ಟ್ರೇ ಒಂದೊಂದಾಗಿ ಮಗುಚಿ ಹಾಕ್ತಿದ್ದೆ. ಕಂದು, ಕಂದು, ಕಂದು ಅಂತ ಹೇಳ್ತಾ ಹೋದೆ. ಆಮೇಲೆ ಸುಮ್ಮನಾಗಿಬಿಟ್ಟೆ. ಆಗಲೇ ನಂಗೆ ಗೊತ್ತಾಯ್ತು. ದಿಬ್ಬದ ಹಳ್ಳಿಗ ಪತಂಗ! ಒಂದಲ್ಲ, ಮೂರು! ಮೂರೂ ಬಿಳಿ! ನಾನು ಮೂಗಿನ ಹತ್ರ ತಂದ್ಕೊಂಡು ಕಣ್ಣಂಚಲ್ಲಿ ನೋಡಿದೆ… ಮರಳಿನ ಮೇಲೆ ಮರಳು ಇಟ್ಟ ಹಾಗಿತ್ತು.

ನಾಲ್ಕು ಮೈಲಿ. ಅಷ್ಟೇ ಅಂತರ. ನಮ್ಮ ದಡದ ದಿಬ್ಬದಲ್ಲಿ ಇದೇ ಹುಳ ಒಣಹುಲ್ಲಿನ ಬಣ್ಣ. ಐರ್ಲೆಂಡ್ ಕಡೆ ಇನ್ನೂ ಕಪ್ಪು. ದಕ್ಷಿಣದಲ್ಲಿ ಕೆಂಚು. ನಿಮ್ಮ ದ್ವೀಪ ಸ್ಕೆಲ್‌ಹೋಮಲ್ಲಿ ಮಾತ್ರ ಕಪ್ಪೆಚಿಪ್ಪು ಪುಡಿಯಾಗಿ ಮರಳು ಬೆಳ್ಳಗಿದೆ, ಹುಳಾನೂ ಬೆಳ್ಳಗೆ. ಬಣ್ಣ ಹೊಂದದೆ ಇರೋದನ್ನ ಹಕ್ಕಿ ಹೆಕ್ಕಿ ತಿಂದಿದಾವೆ ಅಂತಿದ್ದ ನಿಮ್ಮಪ್ಪ. "ದಡದವರ ಹುಳಾನೂ ನಿಮ್ಮ ಥರಾನೇ ಸಿರಿಲ್, ತೊಳೀದೇ ಇರೋ ಬಣ್ಣ" ಅಂತ ಛೇಡಿಸ್ತಿದ್ದ. ದ್ವೀಪದವರ ಕೊಬ್ಬು ನಿಮಗೆ!

ನಿಮ್ಮಪ್ಪ ಆಂಬ್ರೋಸ್ ಪೆನ್ನಿ ಹೇಳಿದ್ದು ನಿಜ, ದ್ವೀಪದ ಹುಳ ಬಿಳಿನೇ ಅಂತ ನಾನು ಯಾವಾಗ್ಲೂ ಹೇಳ್ತಾನೇ ಇದ್ದೆ. ನಲವತ್ತೆಂಟು ವರ್ಷದಿಂದ… ಏನು? ಹೇಳ್ಲಿಲ್ವಾ? ಮನಸ್ಸಲ್ಲಿ ಹೇಳ್ಕೊಳ್ತಿದ್ದೆ ಕಣಮ್ಮ. ಬಾಯಿ ಬಿಟ್ಟು ಹೇಳೋ ಕಾಲ ಅದಲ್ಲ. ನಿನಗಾಗ ಏಳು ವರ್ಷ, ನಿನಗೇನು ಗೊತ್ತು? ಎಪ್ಪತ್ತಾರರ ಆ ಪತಂಗ ಪ್ರದರ್ಶನ… ಲಿವರ್‌ಪೂಲಿನ ಆ ದೊಡ್ಡ ಹಾಲು, ಸಾಲು ಸಾಲು ಮೇಜು. ನಿಮ್ಮಪ್ಪ ಮದುವೆ ಸೂಟು ಹಾಕ್ಕೊಂಡು ಬಂದಿದ್ದ. ಪೆಟ್ಟಿಗೇಲಿ ಹನ್ನೊಂದು ಬಿಳಿ ಹುಳ. ಜನ ಮುತ್ಕೊಂಡಿದ್ರು. ಆ ಹೊತ್ತಿಗೆ ಲಂಡನ್ನಿನ ಒಬ್ಬ ಪತಂಗ ತಜ್ಞ ಬಂದ. ಲೆನ್ಸು ಹಿಡಿದು ನೋಡ್ದ, ನೋಡ್ದ… "ಮಿಸ್ಟರ್ ಪೆನ್ನಿ, ಇದರಲ್ಲಿ ಎರಡು ಫ್ರಾನ್ಸ್ ತೀರದ ಹುಳ. ಪಿನ್ನೂ ಅಲ್ಲಿಯದೇ, ತುದಿ ಕತ್ತರಿಸಿ ಗಿಡ್ಡ ಮಾಡಿದೀರಿ" ಅಂದ. ಅಷ್ಟೇ. ಎರಡು ಸುಳ್ಳು ಅಂದ್ರೆ ಹನ್ನೊಂದೂ ಸುಳ್ಳು. ನಮ್ಮ ಜನರಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಹೆಂಡತಿಗೆ ಮೋಸ ಮಾಡಿದೋನ ಜೊತೆ ಟೀ ಕುಡೀತಾರೆ, ಹೊರಗಿನ ಹುಳದ ಪಿನ್ನಿಗೆ ನಮ್ಮೂರಲ್ಲಿ ಹಿಡಿದದ್ದು ಅಂತ ಚೀಟಿ ಚುಚ್ಚಿದೋನ ಮುಖ ನೋಡಲ್ಲ.

ಹ್ಞೂಂ… ಅವನನ್ನ ಸಂಘದಿಂದ ತೆಗೆದ ಕಾಗದಕ್ಕೆ ಸಹಿ ನಂದೇ. ಕಾರ್ಯದರ್ಶಿ ಆಗಿದ್ದೆನಲ್ಲ. ಸಹಿ ಹಾಕ್ದೇ ಏನ್ ಮಾಡ್ಲಿ? ಒಂದು ಗಾಳಿಯ ರಾತ್ರಿ ಸಂಘದ ಮೂವರು ದ್ವೀಪಕ್ಕೆ ಹೋಗಿ ಬಂದ್ರು, ಏನೂ ಸಿಗ್ಲಿಲ್ಲ ಅಂದ್ರು, ಮುಗೀತು. ನಿಮ್ಮಪ್ಪ ಮತ್ತೆ ದೀಪ ಹಚ್ಚಲಿಲ್ಲ. ದೋಣಿಗೆ ಬಣ್ಣ ಬಳೀತಾ ಕೂತ. ನಿನ್ನನ್ನ ಶಾಲೇಲಿ "ಫ್ರೆಂಚ್ ಹುಳ" ಅಂತ ಕರೀತಿದ್ರಂತೆ… ಹೌದಾ? ಅಳ್ತಾ ಬರ್ತಿದ್ಯಾ? ನಂಗೆ ಗೊತ್ತಿರ್ಲಿಲ್ಲ. ಇಲ್ಲ… ಗೊತ್ತಿತ್ತು. ನಿಮ್ಮಮ್ಮ ಹೇಳಿದ್ಲು.

ಆದ್ರೆ ನಾನು ಅವನ ಕೈ ಬಿಡ್ಲಿಲ್ಲ ಕಣೇ! ಪ್ರತಿ ಕ್ರಿಸ್‌ಮಸ್‌ಗೆ ಒಂದು ಬಾಟಲಿ ವಿಸ್ಕಿ. ಹೋದ ಚಳಿಗಾಲ ಹೆಣಕ್ಕೆ ಹೆಗಲು ಕೊಟ್ಟೋರಲ್ಲಿ ನಾನೂ ಒಬ್ಬ. ಈ ಕಣ್ಣಿಟ್ಕೊಂಡು, ಎಡವಿ ಬಿದ್ದೇನು ಅಂತ ಹೆದರ್ಕೊಂಡು…

ಸರಿ, ಈಗ ಆಗ್ಬೇಕಾದ್ದು ನೋಡೋಣ. ಆ ಮೂರು ಡಬ್ಬಿ ಜೋಪಾನ. ಸೀದಾ ಮ್ಯೂಸಿಯಮ್ಮಿಗೆ ತಗೊಂಡ್ಹೋಗು. "ಸ್ಕೆಲ್‌ಹೋಮಿನ ಬಿಳಿ ಹಳ್ಳಿಗ, ಹಿಡಿದವರು ಹೆಸ್ಟರ್ ಪೆನ್ನಿ." ಅವರು ಅಚ್ಚು ಹಾಕೋ ಲೇಖನದ ಕೊನೇಲಿ ನಿಮ್ಮಪ್ಪನ ಹೆಸರೂ ಒಂದು ಸಾಲು ಬರುತ್ತೆ. ಸಾಕಲ್ಲ? ನಿಮ್ಮಪ್ಪನ ಆ ಹಳೇ ಪೆಟ್ಟಿಗೆ ಗೊಡವೆ ಬೇಡ. ಅದು ಆ ಚೀಲದಲ್ಲಿದೆ ಅಲ್ವಾ? ಗೊತ್ತು, ನ್ಯಾಫ್ತಲೀನ್ ವಾಸನೆ ಬರ್ತಿದೆ. ಕಣ್ಣು ಹೋದ ಮೇಲೆ ಮೂಗು ಚುರುಕು. ನನ್ನ ಮಾತು ಕೇಳು, ಈ ಕಿಟಕಿಯಿಂದ ಎಸ್ದುಬಿಡು. ಹೌದು, ಎಸಿ. ಹಳೇ ಗಾಯ ಕೆರೆದು ಏನು ಸಿಗುತ್ತೆ?

ಏನು? ಏನ್ ಮಾಡ್ಸಿದೆ? ಹುಳದ ಕಾಲು ಕಿತ್ತು ಪರೀಕ್ಷೆಗೆ ಕಳಿಸಿದ್ಯಾ? ಹನ್ನೊಂದರದ್ದೂ ಒಂದೊಂದು ಕಾಲು… ಹ್ಞೂಂ. ಈಗ ವಂಶಾನೇ ಹೇಳಿಬಿಡ್ತಾರಂತೆ, ಒಂದು ಕಾಲು ಸಾಕಂತೆ. ಏನ್ ಬಂತು? ಒಂಬತ್ತು ಬೇರೆಲ್ಲೂ ಇಲ್ಲದ ಹೊಸ ವಂಶ. ಎರಡು ಫ್ರಾನ್ಸಿನವು.

ಸರಿ ಮತ್ತೆ. ಗೊತ್ತಿದ್ದದ್ದೇ ಅಲ್ವಾ?

ನೋಡು ಹೆಸ್ಟರ್, ಸತ್ತೋರ ಬಗ್ಗೆ ಹೀಗೆ ಮಾತಾಡ್ಬಾರ್ದು, ಆದ್ರೂ ಹೇಳ್ತೀನಿ. ಮನುಷ್ಯ ಆಸೆಬುರುಕ. ಅದರಲ್ಲೂ ನಮ್ಮಂಥವರು. ಒಂಬತ್ತು ಸಿಕ್ಕಿರುತ್ತೆ, ಸಾಲಲ್ಲಿ ಎರಡು ಜಾಗ ಖಾಲಿ ಕಾಣುತ್ತೆ, ಕಣ್ಣಿಗೆ ಚುಚ್ಚುತ್ತೆ. ಯಾರೋ ಅಂಚೇಲಿ ಕಳಿಸಿದ ಅಂಥದ್ದೇ ಎರಡು ಡ್ರಾಯರಲ್ಲಿ ಬಿದ್ದಿರುತ್ತೆ. ಯಾರಿಗೆ ಗೊತ್ತಾಗುತ್ತೆ ಅಂತ… ಪಾಪ, ಆಂಬ್ರೋಸ್ ಹಾಗೆ ಮಾಡಿದ್ರೆ ಮಾಡಿರಬಹುದು. ಅದರಿಂದ ಅವನು ಕೆಟ್ಟೋನಾಗಲ್ಲ. ನಾನು ಕ್ಷಮಿಸಿದೀನಿ. ನೀನೂ…

ಯಾಕೆ ಎದ್ದು ನಿಂತೆ? ಕೂತ್ಕೊಳ್ಳೇ. ಇಷ್ಟಗಲ ಗೂಡಲ್ಲಿ ನೀನು ನಿಂತ್ರೆ ನಂಗೆ ಉಸಿರು ಕಟ್ಟುತ್ತೆ. ಪೆಟ್ಟಿಗೆ ತೆಗೀಬೇಡ, ಗಾಳಿಗೆ ರೆಕ್ಕೆ ಉದುರುತ್ತೆ… ಏನದು? ಕಿಟಕಿ ಬೆಳಕಿಗೆ ಏನೋ ಹಿಡಿದಿದೀಯ. ಚೀಟಿನಾ? ಹುಳದ ಕೆಳಗಿನ ಚೀಟಿ? ನನ್ನ ಕಣ್ಣೆದುರು ಹಿಡಿದ್ರೆ ಏನ್ ಪ್ರಯೋಜನ, ನಿನ್ನ ಕೈಯೇ ಸರಿಯಾಗಿ ಕಾಣಲ್ಲ ನಂಗೆ.

ಅಕ್ಷರ ನಂದೇ. ಅದರಲ್ಲೇನು? ಇಡೀ ಸಂಘದವರ ಚೀಟಿ ಬರೀತಿದ್ದೋನು ನಾನು. ಹಡಗು ಕಟ್ಟೋ ಯಾರ್ಡಲ್ಲಿ ನಕ್ಷೆ ಬರೆಯೋ ಕೆಲಸ, ಅಕ್ಕಿ ಕಾಳಿನ ಮೇಲೆ ವಿಳಾಸ ಬರೀತೀನಿ ಅಂತ ತಮಾಷೆ ಮಾಡ್ತಿದ್ರು. ಎಲ್ರೂ ಹುಳದ ಪೆಟ್ಟಿಗೆ ತಂದು ನಮ್ಮನೇಲಿಟ್ಟು ಹೋಗೋರು, ನಾನು ಅಡುಗೆಮನೆ ಮೇಜಿನ ಮೇಲೆ ಬರೆದು ಚುಚ್ಚಿಕೊಡ್ತಿದ್ದೆ. ನಿಮ್ಮಪ್ಪನೂ ಇಟ್ಟು ಹೋಗಿದ್ದ. ನಾಲ್ಕು ದಿನ ಇತ್ತು ನಮ್ಮನೇಲಿ. ಅಕ್ಷರದಿಂದ ಏನೂ ಗೊತ್ತಾಗಲ್ಲ ಕಣಮ್ಮ, ಹನ್ನೊಂದರದ್ದೂ ಒಂದೇ ಕೈ, ಒಂದೇ ಶಾಯಿ. ಮತ್ತೆ ಆ ಚೀಟೀಲಿ ಎರಡು ತೂತಿದ್ರೆ ಏನಾಯ್ತು? ಹಳೇ ಚೀಟಿಗಳಲ್ಲಿ ಎಷ್ಟೋ ಸಲ ಎರಡೆರಡು ತೂತು ಇರುತ್ತೆ. ಪಿನ್ನು ಸೊಟ್ಟಗೆ ಹೋಯ್ತು ಅಂತ ತೆಗೆದು ಮತ್ತೆ ಚುಚ್ಚಿರ್ತೀವಿ, ಅದಕ್ಕೇನು ದೊಡ್ಡ…

ಏನಾಯ್ತು?

ಯಾಕೆ ಉಸಿರು ಹಿಡಿದಿದೀಯ?

ಹೆಸ್ಟರ್… ತೂತಿನ ವಿಷಯ ನೀನೇ ಅಲ್ವಾ ಈಗ ಹೇಳಿದ್ದು? ಹೇಳಿದೆ. ಹೇಳಿದ್ಯಲ್ಲ, ಎರಡು ತೂತು ಅಂತ… ನೀನು ಬರೀ ಚೀಟಿ ಬೆಳಕಿಗೆ ಹಿಡಿದೆ. ಮಾತೇ ಆಡ್ಲಿಲ್ಲ. ಹೌದು. ಬಾಯೇ ಬಿಡ್ಲಿಲ್ಲ ನೀನು.

ನಾನು ಹೇಗೆ ನೋಡ್ದೆ ಅಂತ ಕೇಳು. ಕೇಳಮ್ಮ. ಸುಮ್ಮನೆ ನಿಲ್ಲಬೇಡ, ಏನಾದ್ರೂ ಕೇಳು. ಬೈಯಿ… ಬೈದ್ರೆ ಉತ್ತರ ಕೊಡಬಹುದು. ಹೀಗೆ ನಿಂತ್ರೆ ನಾನೆಲ್ಲಿಗೆ ಹೋಗ್ಲಿ? ಸುತ್ತ ನೀರು.

ನೀನು ಒಂದು ಗಂಟೇನ ಎರಡು ಸಲ ಕೂಡಿಸೋಳಲ್ಲ. ಅಲ್ವಾ? ದ್ವೀಪದಲ್ಲಿ ಹುಟ್ಟಿದೋಳು. ಪಟ್ಟಿ ನೋಡದೇನೇ ವಾಸನೆ ಮೇಲೆ ಉಬ್ಬರ ಹೇಳ್ತಿದ್ದೆ ನೀನು, ಏಳು ವರ್ಷಕ್ಕೇ. ವ್ಯಾನಿನ ಕ್ಲಚ್ಚೂ ಸರಿಯಾಗೇ ಇದೆ… ಒಳ್ಳೇ ದೀಪ ಹಚ್ಚಿದೆ ಕಣೇ. ನಾನೂ ಹುಳದ ಥರ ಬಂದು ಕೂತೆ.

ನಿಮ್ಮಪ್ಪನ್ನ ಒಂದು ಜೊತೆ ಹುಳ ಕೇಳಿದೆ. ಒಂದೇ ಒಂದು ಜೊತೆ! ಆ ರಾತ್ರಿ ದೀಪ ಹಿಡಿದು ಮೂರು ಗಂಟೆ ದಿಬ್ಬ ಹತ್ತಿ ಇಳಿದೋನು ನಾನು. ಹುಲ್ಲಿನ ಬುಡದಲ್ಲಿ ಮೊದಲನೇದನ್ನ ಕಂಡೋನೂ ನಾನೇ. "ಆಂಬ್ರೋಸ್, ಇಲ್ಲಿ ನೋಡೋ!" ಅಂತ ಕೂಗಿದೆ, ಅವನು ಓಡಿ ಬಂದು ಡಬ್ಬಿ ಮುಚ್ಚಿ ಹಿಡಿದ. ಹಾಗಾಗಿ ಅವನದು. ನಮ್ಮಲ್ಲಿ ಹಿಡಿದೋನ ಹೆಸರೇ ಚೀಟೀಲಿ ಬರೋದು, ಕಂಡೋನದ್ದಲ್ಲ. ಬೆಳಿಗ್ಗೆ ಒಂದು ಜೊತೆ ಕೊಡೋ ಅಂದೆ. "ಮ್ಯೂಸಿಯಂನವರು ನೋಡೋವರೆಗೆ ಒಂದೂ ದ್ವೀಪದವನ ಕೈ ದಾಟಲ್ಲ ಸಿರಿಲ್, ಆಮೇಲೆ ಕೊಡ್ತೀನಿ" ಅಂದ. ನಗ್ತಾನೇ ಅಂದ. ಕೊಡ್ತಿದ್ದ ಕಣೇ. ಖಂಡಿತ ಕೊಡ್ತಿದ್ದ. ಒಂದು ತಿಂಗಳು ಕಾಯೋಕಾಗ್ಲಿಲ್ಲ ನನ್ ಕೈಲಿ.

ಫ್ರಾನ್ಸಿನ ಒಬ್ಬ ಮೇಷ್ಟ್ರು ಅಂಚೇಲಿ ಕಳಿಸಿದ್ದ ಎರಡು ನನ್ನ ಡ್ರಾಯರಲ್ಲಿತ್ತು. ಬಿಳಿಯೇ, ಸ್ವಲ್ಪ ಹಳದಿ ಹೊಡೀತಿತ್ತು. ನಿಮ್ಮಪ್ಪನ ಪೆಟ್ಟಿಗೆ ಮೇಜಿನ ಮೇಲೆ. ಹನ್ನೊಂದಕ್ಕೂ ಚೀಟಿ ಬರೆದು ಚುಚ್ಚಿದ್ದೆ. ಎರಡನ್ನ ಎತ್ಕೊಂಡು ಆ ಜಾಗಕ್ಕೆ ಫ್ರಾನ್ಸಿನವನ್ನ ಇಟ್ಟೆ. ಪಿನ್ನು ಉದ್ದ ಇತ್ತು, ಇಕ್ಕಳದಲ್ಲಿ ತುದಿ ಕತ್ತರಿಸಿದೆ. ಚೀಟಿ ತೆಗೆದು ಇದಕ್ಕೆ ಚುಚ್ಚುವಾಗ ಹಳೇ ತೂತಿಗೆ ಪಿನ್ನು ಹೋಗ್ಲಿಲ್ಲ, ಪಕ್ಕದಲ್ಲಿ ಇನ್ನೊಂದು ಬಿತ್ತು. ಹೊಸ ಚೀಟಿ ಬರೀಬೇಕಿತ್ತು. ಎರಡು ನಿಮಿಷದ ಕೆಲಸ. ಟೀ ಆರ್ತಿದೆ ಅಂತ ಹೆಂಡತಿ ಕೂಗಿದ್ಲು, ಎದ್ದುಬಿಟ್ಟೆ.

ಅವನ ಮರ್ಯಾದೆ ತೆಗೀಬೇಕು ಅಂತ ಅಲ್ಲ… ನಂಬ್ತೀಯಾ? ಲಂಡನ್ನಿನವನು ಲೆನ್ಸು ತೆಗೆದಾಗ ನಾನು ನಿಮ್ಮಪ್ಪನ ಪಕ್ಕದಲ್ಲೇ ನಿಂತಿದ್ದೆ. ಆಂಬ್ರೋಸ್ ನನ್ನ ಕಡೆ ತಿರುಗಿ ನೋಡ್ದ. ಒಂದೇ ಸಲ. "ಸಿರಿಲ್, ನೀನಾದ್ರೂ ಹೇಳು, ನೀನಿದ್ಯಲ್ಲ ಆ ರಾತ್ರಿ" ಅಂದ. ಎಲ್ರೂ ನನ್ನನ್ನ ನೋಡಿದ್ರು. "ಕತ್ತಲಿತ್ತು, ನಂಗೆ ಸರಿಯಾಗಿ ಕಾಣ್ಲಿಲ್ಲ" ಅಂದೆ. ಮೂವತ್ಮೂರು ವರ್ಷ ನಂಗಾಗ, ಹದ್ದಿನ ಕಣ್ಣು.

ಅವನಿಗೆ ಗೊತ್ತಿತ್ತಾ? ಏನಾದ್ರೂ ಹೇಳಿದ್ನಾ ಸಾಯೋವಾಗ? ಹೇಳು… ಪ್ರತಿ ಕ್ರಿಸ್‌ಮಸ್ಸಿಗೂ ವಿಸ್ಕಿ ತಗೋತಿದ್ದ, ಥ್ಯಾಂಕ್ಸ್ ಅಂತಿದ್ದ, ಒಂದು ಸಲಾನೂ ನನ್ನೆದುರು ಮುಚ್ಚಳ ತೆಗೀಲಿಲ್ಲ. ಆ ಬಾಟಲಿಗಳೆಲ್ಲಾ… ಹಾಗೇ ಇದ್ವಾ? ನಲವತ್ತೇಳೂ? ಬೀರುವಿನ ಕೆಳಗೆ ಸಾಲಾಗಿ?

ದೇವ್ರೇ.

ಇವೆ ಕಣಮ್ಮ. ನಾನು ಎತ್ಕೊಂಡ ಆ ಎರಡು ಹುಳಾನೂ ಇವೆ. ನಮ್ಮನೆ ಮಹಡಿ ಮೇಲೆ, ಬೀರುವಿನ ಮೂರನೇ ಡ್ರಾಯರ್, ಹಿಂದಿನ ಮೂಲೆ. ಚೀಟಿ ಇಲ್ಲ. ಇಷ್ಟು ವರ್ಷ ಯಾರಿಗೂ ತೋರಿಸಿಲ್ಲ, ಚೀಟಿ ಇಲ್ದೇ ಇರೋ ಹುಳ ಇದ್ರೆಷ್ಟು ಬಿಟ್ರೆಷ್ಟು? ಎಲ್ಲೀದು, ಯಾವತ್ತಿಂದು, ಯಾರು ಹಿಡಿದಿದ್ದು ಅಂತ ಗೊತ್ತಿಲ್ದೇ ಇದ್ರೆ ಅದು ಬರೀ ಧೂಳು. ಎಷ್ಟೋ ಸಲ ಬರೀಬೇಕು ಅಂತ ಕೂತೆ. ಬರೆದ್ರೆ ಅವನ ಹೆಸರು ಬರೀಬೇಕು. ಆಮೇಲೆ ಬರೆಯೋಕೆ ಕಣ್ಣೂ ಹೋಯ್ತು, ಒಂಥರಾ ನಿರಾಳ ಆಯ್ತು ನಂಗೆ.

ಏನಿದು ನನ್ನ ಮೊಣಕಾಲ ಮೇಲೆ? ಕಾಗದ… ಪೆನ್ನು. ನಿನ್ನ ಫೈಲಿನ ಮೇಲಿಟ್ಟು ಬರೀಲಾ? ನೀನೇ ಬರಿ, ನಾನು ಹೇಳ್ತೀನಿ. ಬೇಡ್ವಾ? ನಾನೇ ಬರೀಬೇಕಾ… ನೆಟ್ಟಗೆ ಬರಲ್ಲ ಕಣೇ, ಸಾಲೇ ಕಾಣಲ್ಲ. ಸರಿ. ಸರಿ, ಹಿಡ್ಕೋ, ಕಾಗದ ಹಾರುತ್ತೆ.

ಒಂದನೇ ಸಾಲು, ಜಾಗ. ಸ್ಕೆಲ್‌ಹೋಮ್. ಎರಡನೇದು, ತಾರೀಖು. ಹದಿನಾಲ್ಕು, ಆಗಸ್ಟ್, ಎಪ್ಪತ್ತಾರು. ಮೂರನೇದು, ಹಿಡಿದವರು. ಆಂಬ್ರೋಸ್… ತಡಿ, ಕಣ್ಣೊರೆಸ್ಕೋತೀನಿ… ಆಂಬ್ರೋಸ್ ಪೆನ್ನಿ. ಆಯ್ತು. ಚೀಟಿ ಅಂದ್ರೆ ಮೂರೇ ಸಾಲು, ಅರವತ್ತು ವರ್ಷದಿಂದ ಮೂರೇ ಬರೆದಿದೀನಿ. ತಗೋ.

ತಗೊಳ್ಳೇ. ಯಾಕೆ ತಗೊಳ್ತಿಲ್ಲ?

ಇನ್ನೂ ಜಾಗ ಇದೆಯಾ ಕೆಳಗೆ?

ನೀರು ಇಳೀತಿದೆ ಅನ್ಸುತ್ತೆ, ಕಂಬಕ್ಕೆ ಬಡಿಯೋ ಸದ್ದು ಕಮ್ಮಿ ಆಗಿದೆ. ದಾರಿ ಕಾಣ್ತಿದ್ಯಾ? ಕಾರು? ಇಳಿಯೋಣ್ವಾ? ಹೆಸ್ಟರ್, ನಂಗೆ ಏಣಿ ಕಾಣಲ್ಲ, ನೀನು ಕೈ ಹಿಡೀದೇ ನಾನು ಇಳಿಯೋಕಾಗಲ್ಲ… ಸರಿ. ಪೆನ್ನು ಎಲ್ಲಿ? ಇಲ್ಲಿದೆ. ನಾಲ್ಕನೇ ಸಾಲು.

ಬರೆದೆ. ಅಕ್ಷರ ಒಂದರ ಮೇಲೊಂದು ಹತ್ತಿರಬೇಕು, ಗಟ್ಟಿಯಾಗಿ ಓದು. ಓದಮ್ಮ… ಓದಲ್ವಾ? ಆಯ್ತು, ನಾನೇ ಓದ್ತೀನಿ. ಎರಡನ್ನು ಕದ್ದು ಚೀಟಿ ಬದಲಾಯಿಸಿದವನು, ಸಿರಿಲ್ ಬ್ರಾಕ್‌ಬ್ಯಾಂಕ್.